ಗಿಟಾರ್ ಪ್ರಶ್ನೋತ್ತರ: ಲೈನ್ ಎಲ್ಲಿ ಇಳಿಯಬೇಕು?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಭಾಗ ಜಾಝ್ ಗಿಟಾರ್ ಬಗ್ಗೆಯೇ ಇದೆ, ಅದರಲ್ಲೂ ಬೀಬಾಪ್ ಅನ್ನುವ ವೇಗದ ಜಾಝ್ ಶೈಲಿಯ ಬಗ್ಗೆ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಇಷ್ಟು ಜನ ಇದನ್ನು ಕೇಳುತ್ತಿದ್ದಾರೆ ಅನ್ನುವುದು ನನಗೆ ತುಂಬಾ ಖುಷಿಯ ಸಂಗತಿ. ಸಿನಿಮಾ ಹಾಡಿನ ಕಾರ್ಡ್ ಕೇಳಿದವರು ದಯವಿಟ್ಟು ಮುಂದಿನ ಕಂತಿನವರೆಗೆ ಕಾಯಬೇಕು.

ಪ್ರಶ್ನೆ: ನಾಲ್ಕು ವರ್ಷದಿಂದ ಗಿಟಾರ್ ನುಡಿಸುತ್ತಿದ್ದೇನೆ. ಮೇಜರ್ ಸ್ಕೇಲ್, ಮೋಡ್‌ಗಳು ಎಲ್ಲ ಬರುತ್ತವೆ. ವೇಗವೂ ಇದೆ. ಆದರೆ ಟು-ಫೈವ್-ಒನ್ ಮೇಲೆ ನುಡಿಸಿದರೆ ಬೀಬಾಪ್ ಥರ ಕೇಳಿಸುವುದೇ ಇಲ್ಲ, ಸ್ಕೇಲ್ ಅಭ್ಯಾಸದ ಥರ ಕೇಳಿಸುತ್ತದೆ. ಎಲ್ಲಿ ಕೊರತೆ? — ಇಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ

ನೀವು ಕಳಿಸಿದ ರೆಕಾರ್ಡಿಂಗ್ ಕೇಳಿದೆ. ಬೆರಳು ಚೆನ್ನಾಗಿ ಓಡುತ್ತಿದೆ. ಅಪಸ್ವರ ಒಂದೂ ಇಲ್ಲ. ಆದರೆ ಕಾರ್ಡ್ ಬದಲಾಗುವ ಕ್ಷಣಕ್ಕೆ ಯಾವ ಸ್ವರದ ಮೇಲೆ ಇರಬೇಕು ಅಂತ ನೀವು ಮೊದಲೇ ತೀರ್ಮಾನ ಮಾಡಿಕೊಂಡಿಲ್ಲ. ಬೆರಳು ಹೋದಲ್ಲಿಗೆ ಲೈನ್, ಅಂದರೆ ಒಂದರ ಹಿಂದೊಂದು ನುಡಿಸುವ ಸ್ವರಗಳ ಸಾಲು, ಹೋಗಿದೆ. ಕೊರತೆ ಇರುವುದು ಇದೊಂದೇ ಕಡೆ. ಆದರೆ ಬೀಬಾಪ್‌ನಲ್ಲಿ ಮಿಕ್ಕಿದ್ದೆಲ್ಲ ಇದರ ಮೇಲೆಯೇ ನಿಂತಿದೆ.

ಟು-ಫೈವ್-ಒನ್ ಅಂದರೆ ಸ್ಕೇಲಿನ ಎರಡು, ಐದು, ಒಂದನೇ ಸ್ವರಗಳ ಮೇಲೆ ಕಟ್ಟಿದ ಮೂರು ಕಾರ್ಡ್‌ಗಳ ಸಾಲು. ಸಿ ಮೇಜರ್‌ನಲ್ಲಿ ಅದು ಡಿ ಮೈನರ್ ಸೆವೆನ್ ಒಂದು ಬಾರ್ (ನಾಲ್ಕು ಬೀಟ್), ಜಿ ಸೆವೆನ್ ಒಂದು ಬಾರ್, ಆಮೇಲೆ ಸಿ ಮೇಜರ್ ಸೆವೆನ್. ಮೂರಕ್ಕೂ ಸಿ ಮೇಜರ್ ಸ್ಕೇಲ್ ಸಾಕು ಅಂತ ಹೇಳಿಕೊಡುತ್ತಾರೆ. ಲೆಕ್ಕಕ್ಕೆ ಅದು ಸರಿಯೇ. ಆದರೆ ಹಾಗೆ ನುಡಿಸುತ್ತಾ ಹೋದರೆ ಕೇಳುವವರಿಗೆ ಕಾರ್ಡ್ ಬದಲಾಗಿದ್ದೇ ಗೊತ್ತಾಗುವುದಿಲ್ಲ. ಬೀಬಾಪ್ ಲೈನ್ ಹಾಗಲ್ಲ. ಹಿಂದೆ ಪಿಯಾನೊ ಇಲ್ಲ, ಬೇಸ್ ಇಲ್ಲ, ಒಂಟಿ ಗಿಟಾರ್ ಮಾತ್ರ ಇದೆ ಅಂದುಕೊಳ್ಳಿ. ಆಗಲೂ ಆ ಲೈನ್ ಕೇಳಿಯೇ "ಇಲ್ಲಿ ಕಾರ್ಡ್ ತಿರುಗಿತು" ಅಂತ ಕಿವಿಗೆ ತಿಳಿಯಬೇಕು.

ಅದಕ್ಕೆ ದಾರಿ ಹೀಗಿದೆ. ಡಿ ಮೈನರ್ ಸೆವೆನ್‌ನ ಏಳನೇ ಸ್ವರ ಸಿ. ಅದನ್ನು ಒಂದು ಫ್ರೆಟ್ ಇಳಿಸಿದರೆ ಬಿ, ಅಂದರೆ ಜಿ ಸೆವೆನ್‌ನ ಮೂರನೇ ಸ್ವರ. ಜಿ ಸೆವೆನ್‌ನ ಏಳನೆಯದು ಎಫ್. ಅದನ್ನೂ ಒಂದು ಫ್ರೆಟ್ ಇಳಿಸಿದರೆ ಇ, ಅಂದರೆ ಸಿ ಮೇಜರ್‌ನ ಮೂರನೇ ಸ್ವರ. ಈ ಎರಡು ಇಳಿತಗಳೇ ಟು-ಫೈವ್-ಒನ್‌ನ ಬೆನ್ನೆಲುಬು. ಚಿಕ್ಕಮಗಳೂರಿನಿಂದ ಬೇಲೂರು ಮೇಲೆ ಹಾಸನಕ್ಕೆ ಹೋಗುವ ಬಸ್ಸು ದಾರಿಯಲ್ಲಿ ಎಲ್ಲಿ ನಿಲ್ಲಿಸಿ ಯಾರನ್ನು ಹತ್ತಿಸಿಕೊಂಡರೂ ಬೇಲೂರು ಸ್ಟ್ಯಾಂಡಿಗೆ ಹೊತ್ತಿಗೆ ಸರಿಯಾಗಿ ಬರಲೇಬೇಕು, ಅಲ್ವಾ? ನಿಮ್ಮ ಲೈನಿಗೆ ಬಿ ಅನ್ನುವುದು ಆ ಬೇಲೂರು, ಇ ಅನ್ನುವುದು ಹಾಸನ.

ಈಗ ಗಿಟಾರ್ ಕೈಗೆ ತೆಗೆದುಕೊಳ್ಳಿ. ತೋರುಬೆರಳು ನಾಲ್ಕನೇ ಫ್ರೆಟ್ ಹತ್ತಿರ ಇರಲಿ. ಇಡೀ ಲೈನ್ ನಾಲ್ಕರಿಂದ ಎಂಟನೇ ಫ್ರೆಟ್ ಒಳಗೇ ಸಿಗುತ್ತದೆ. ಒಂದು ಬೀಟ್‌ಗೆ ಎರಡು ಸ್ವರ.

ಡಿ ಮೈನರ್ ಸೆವೆನ್ ಮೇಲೆ: ಡಿ, ಇ, ಎಫ್, ಎ, ಸಿ, ಇ, ಡಿ, ಸಿ.

ಜಿ ಸೆವೆನ್ ಮೇಲೆ: ಬಿ, ಡಿ, ಎಫ್, ಎ ಫ್ಲಾಟ್, ಜಿ, ಎಫ್ ಶಾರ್ಪ್, ಎಫ್, ಡಿ ಶಾರ್ಪ್.

ಸಿ ಮೇಜರ್ ಮೇಲೆ: ಇ. ಅಲ್ಲಿ ನಿಲ್ಲಿಸಿ.

ಮೊದಲ ಡಿ ಐದನೇ ತಂತಿಯ ಐದನೇ ಫ್ರೆಟ್‌ನಲ್ಲಿದೆ. ಕೊನೆಯ ಇ ಎರಡನೇ ತಂತಿಯ ಐದನೇ ಫ್ರೆಟ್‌ನಲ್ಲಿದೆ. ನಡುವಿನದ್ದನ್ನು ನೀವೇ ಹುಡುಕಿ, ಸಿಗುತ್ತದೆ. ನಿಧಾನವಾಗಿ, ಬಾಯಲ್ಲಿ ಗುನುಗುತ್ತಾ ನುಡಿಸಿ.

ಈ ಲೈನಿನಲ್ಲಿ ಮೂರು ಜಾಗ ಗಮನಿಸಬೇಕು. ಮೊದಲ ಬಾರ್‌ನ ಕೊನೆಯ ಸ್ವರ ಸಿ, ಎರಡನೇ ಬಾರ್‌ನ ಮೊದಲ ಸ್ವರ ಬಿ. ನಾನು ಮೇಲೆ ಹೇಳಿದ ಇಳಿತ ಬಾರ್‌ಗೆರೆಯ ಮೇಲೆಯೇ ಕೂತಿದೆ. ಎರಡನೆಯದು ಎ ಫ್ಲಾಟ್. ಇದು ಸಿ ಮೇಜರ್ ಸ್ಕೇಲಿನಲ್ಲಿ ಇಲ್ಲವೇ ಇಲ್ಲ. ಬಿ, ಡಿ, ಎಫ್, ಎ ಫ್ಲಾಟ್ ಸೇರಿದರೆ ಡಿಮಿನಿಶ್ಡ್ ಕಾರ್ಡ್. ಜಿ ಸೆವೆನ್ ಮೇಲೆ ಅದನ್ನು ಹತ್ತಿಸಿದರೆ ಒಂದು ಬಿಗಿತ ಬರುತ್ತದೆ, ಎ ಫ್ಲಾಟ್ ಜಿ ಗೆ ಇಳಿದ ಕೂಡಲೇ ಅದು ಸಡಿಲವಾಗುತ್ತದೆ. ಮೂರನೆಯದು ಕೊನೆಯ ಎಫ್, ಡಿ ಶಾರ್ಪ್, ಇ. ಇ ಗೆ ನೇರವಾಗಿ ಹೋಗಲಿಲ್ಲ. ಮೇಲಿನ ಪಕ್ಕದ ಸ್ವರ ಮುಟ್ಟಿ, ಕೆಳಗಿನ ಪಕ್ಕದ ಸ್ವರ ಮುಟ್ಟಿ, ಆಮೇಲೆ ಇ. ಇದಕ್ಕೆ ಎನ್‌ಕ್ಲೋಷರ್ ಅನ್ನುತ್ತಾರೆ. ಬೀಬಾಪ್‌ನ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಅವರ ಯಾವುದೇ ಸೋಲೊ ತೆಗೆದುಕೊಳ್ಳಿ, ಹೆಜ್ಜೆಹೆಜ್ಜೆಗೂ ಇದು ಸಿಗುತ್ತದೆ.

ಈ ಲೈನನ್ನು ಬಾಯಿಪಾಠ ಮಾಡಿ ಎಲ್ಲ ಕಡೆ ಅಂಟಿಸಬೇಡಿ. ಒಂದು ವಾರ ಬರೀ ಇಳಿತಗಳನ್ನು ನುಡಿಸಿ. ಸಿ, ಬಿ. ಎಫ್, ಇ. ಅಷ್ಟೇ. ಉದ್ದ ಸ್ವರಗಳಾಗಿ ನುಡಿಸಿ. ಆಮೇಲೆ ಇ ಗೆ ಮುಂಚೆ ಎರಡೇ ಸ್ವರ ಸೇರಿಸಿ. ಆಮೇಲೆ ನಾಲ್ಕು. ಇಳಿಯುವ ಜಾಗ ಅದೇ ಇರಲಿ, ದಾರಿ ಮಾತ್ರ ದಿನಾ ಬದಲಾಯಿಸಿ. ಬಾಯಲ್ಲಿ ಹಾಡಲು ಆಗದ ದಾರಿಯನ್ನು ಸದ್ಯಕ್ಕೆ ಬಿಟ್ಟುಬಿಡಿ. ಸಿ ಯಲ್ಲಿ ಕೈ ಕೂತ ಮೇಲೆ ಎಫ್ ಮತ್ತು ಬಿ ಫ್ಲಾಟ್‌ಗೆ ಹೋಗಿ. ಕಹಳೆ, ಸ್ಯಾಕ್ಸೊಫೋನ್ ನುಡಿಸುವವರಿಗೆ ಅನುಕೂಲವಾದ ಶ್ರುತಿಗಳು ಅವು. ಜಾಝ್ ಹಾಡುಗಳು ಜಾಸ್ತಿ ಅಲ್ಲೇ ಇವೆ.

ನಮ್ಮ ತರಗತಿಗೆ ಸ್ಕೇಲ್ ಕಲಿತು ಬರುವ ಹುಡುಗರಿಗೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ. ನುಡಿಸುತ್ತಿರುವಾಗ ತಟ್ಟನೆ ನಿಲ್ಲಿಸಿ, "ಈಗ ಎಲ್ಲಿಗೆ ಹೊರಟಿದ್ದೆ?" ಅಂತ ಕೇಳುತ್ತೇನೆ. ನೀವೂ ನಿಮ್ಮನ್ನು ಹಾಗೆ ಕೇಳಿಕೊಳ್ಳಿ.

ಪ್ರಶ್ನೆ: ಬೀಬಾಪ್ ಸ್ಕೇಲ್ ಅಂದರೆ ಎಂಟು ಸ್ವರ ಅಂತ ಓದಿದೆ. ಏಳು ಸ್ವರದ ಸ್ಕೇಲಿಗೆ ಇನ್ನೊಂದು ಸೇರಿಸುವುದು ಯಾಕೆ? ಸುಮ್ನೆ ಅಲಂಕಾರಕ್ಕಾ? — ಓದುಗರು, ಕಡೂರು

ಅಲಂಕಾರಕ್ಕಲ್ಲ, ತಾಳಕ್ಕೆ. ಕೈಯಲ್ಲೇ ಎಣಿಸಿ ನೋಡಿ.

ಜಿ ಸೆವೆನ್ ಕಾರ್ಡಿನ ಸ್ವರಗಳು ಜಿ, ಬಿ, ಡಿ, ಎಫ್. ಇವು ಬೀಟ್ ಮೇಲೆ ಬಿದ್ದರೆ ಕಾರ್ಡ್ ಸ್ಪಷ್ಟವಾಗಿ ಕೇಳಿಸುತ್ತದೆ. ಈಗ ಜಿ ಯಿಂದ ಮಾಮೂಲಿ ಏಳು ಸ್ವರದಲ್ಲಿ ಇಳಿಯಿರಿ, ಬೀಟ್‌ಗೆ ಎರಡರಂತೆ: ಜಿ, ಎಫ್, ಇ, ಡಿ, ಸಿ, ಬಿ, ಎ, ಜಿ. ಬೀಟ್ ಮೇಲೆ ಬಿದ್ದದ್ದು ಜಿ, ಇ, ಸಿ, ಎ. ಮೊದಲನೆಯದು ಬಿಟ್ಟರೆ ಒಂದೂ ಕಾರ್ಡಿನದಲ್ಲ. ಬೇಕಾದ ಸ್ವರಗಳೆಲ್ಲ ಬೀಟ್‌ಗಳ ನಡುವೆ ಸಿಕ್ಕಿಕೊಂಡವು.

ಈಗ ಜಿ ಮತ್ತು ಎಫ್ ನಡುವೆ ಎಫ್ ಶಾರ್ಪ್ ಸೇರಿಸಿ: ಜಿ, ಎಫ್ ಶಾರ್ಪ್, ಎಫ್, ಇ, ಡಿ, ಸಿ, ಬಿ, ಎ. ಬೀಟ್ ಮೇಲೆ ಬಿದ್ದದ್ದು ಜಿ, ಎಫ್, ಡಿ, ಬಿ. ನಾಲ್ಕಕ್ಕೆ ನಾಲ್ಕೂ ಕಾರ್ಡಿನ ಸ್ವರಗಳು. ಎಷ್ಟು ಆವರ್ತ ಇಳಿದರೂ ಲೆಕ್ಕ ತಪ್ಪುವುದಿಲ್ಲ. ಬಿ ಯಿಂದ ಶುರು ಮಾಡಿ, ಡಿ ಯಿಂದ ಮಾಡಿ, ಎಫ್‌ನಿಂದ ಮಾಡಿ, ಹೀಗೇ ಆಗುತ್ತದೆ. ಆದರೆ ಕಾರ್ಡಿನ ಸ್ವರದಿಂದಲೇ, ಬೀಟ್ ಮೇಲೆಯೇ ಶುರು ಮಾಡಿರಬೇಕು. ಬೇರೆ ಕಡೆಯಿಂದ ಹೊರಟರೆ ಸೇರಿಸುವ ಅರ್ಧ ಸ್ವರಗಳ ಲೆಕ್ಕವೂ ಬದಲಾಗುತ್ತದೆ.

ಡೆಟ್ರಾಯಿಟ್‌ನಲ್ಲಿ ಹುಟ್ಟಿದ ಪಿಯಾನೊ ವಾದಕ ಬ್ಯಾರಿ ಹ್ಯಾರಿಸ್ (1929–2021) ಈ ಲೆಕ್ಕವನ್ನೇ ದಶಕಗಳ ಕಾಲ ಸಾವಿರಾರು ಜನರಿಗೆ ಹೇಳಿಕೊಟ್ಟರು. ಎಲ್ಲಿಂದ ಹೊರಟರೆ ಎಷ್ಟು ಅರ್ಧ ಸ್ವರ ಸೇರಿಸಬೇಕು ಅನ್ನುವುದಕ್ಕೆ ಅವರ ಹತ್ತಿರ ಅಚ್ಚುಕಟ್ಟಾದ ನಿಯಮಗಳಿದ್ದವು. ಅವರ ತರಗತಿಗಳ ವಿಡಿಯೊಗಳು ಸಿಗುತ್ತವೆ. ವಿದ್ಯಾರ್ಥಿಗಳೆಲ್ಲ ಮೊದಲು ಬಾಯಲ್ಲಿ ಹಾಡಿ ಆಮೇಲೆ ನುಡಿಸುವುದನ್ನು ಅದರಲ್ಲಿ ನೋಡಬಹುದು. ಸಮಯ ಮಾಡಿಕೊಂಡು ನೋಡಿ.

ಪ್ರಶ್ನೆ: ಹದಿನೈದು ವರ್ಷ ಪಿಟೀಲು ಕಲಿತಿದ್ದೇನೆ. ಈಗ ಗಿಟಾರ್ ಹಿಡಿದಿದ್ದೇನೆ. ನಮ್ಮ ಕಲ್ಪನಾಸ್ವರದ ಅಭ್ಯಾಸ ಬೀಬಾಪ್‌ಗೆ ಸಹಾಯ ಆಗುತ್ತದಾ, ಅಥವಾ ಅಡ್ಡ ಬರುತ್ತದಾ? — ಗೃಹಿಣಿ, ಅರಕಲಗೂಡು

ನಿಮ್ಮ ಪತ್ರ ಓದಿ ನನಗೆ ಮೊದಲು ನೆನಪಾಗಿದ್ದು ನಿಮ್ಮ ತಾಲ್ಲೂಕಿನ ರುದ್ರಪಟ್ಟಣ. ಅಲ್ಲಿ ಹುಟ್ಟಿದ ಕರ್ನಾಟಕ ಸಂಗೀತದ ಗಾಯಕ ಆರ್. ಕೆ. ಶ್ರೀಕಂಠನ್ ಮತ್ತು ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಹುಟ್ಟಿದ ಚಾರ್ಲಿ ಪಾರ್ಕರ್ ಇಬ್ಬರೂ 1920ರವರು. ಪಾರ್ಕರ್ 1955ರಲ್ಲಿ, ಮೂವತ್ತನಾಲ್ಕನೇ ವಯಸ್ಸಿಗೇ ಹೋದರು. ಶ್ರೀಕಂಠನ್ 2014ರವರೆಗೆ ಇದ್ದರು, ತೊಂಬತ್ತು ದಾಟಿದ ಮೇಲೂ ಹಾಡಿದರು. ಒಬ್ಬರ ಸಂಗೀತ ಇನ್ನೊಬ್ಬರಿಗೆ ಹೊಸದು. ಆದರೆ ಕಟ್ಟಿದ ಚೌಕಟ್ಟಿನೊಳಗೆ ಆ ಕ್ಷಣಕ್ಕೆ ಹೊಸದಾಗಿ ಹೇಳಬೇಕು ಅನ್ನುವ ಹಟ ಇಬ್ಬರ ಸಂಗೀತದಲ್ಲೂ ಒಂದೇ.

ಸಹಾಯ ಖಂಡಿತ ಆಗುತ್ತದೆ. ಕಲ್ಪನಾಸ್ವರ ಹಾಕುವಾಗ ನೀವು ಮಾಡುವುದೇನು? ಪಲ್ಲವಿಯ ಎಡುಪು ಎಲ್ಲಿದೆ, ಅದು ಯಾವ ಸ್ವರದಿಂದ ಶುರುವಾಗುತ್ತದೆ, ಇವೆರಡನ್ನೂ ತಲೆಯಲ್ಲಿ ಇಟ್ಟುಕೊಂಡು ಹಿಂದಿನಿಂದ ಲೆಕ್ಕ ಹಾಕಿ ಅಲ್ಲಿಗೆ ಬಂದು ಸೇರುತ್ತೀರಿ. ಬೀಬಾಪ್ ಲೈನ್ ಕಟ್ಟುವುದಕ್ಕೂ ಇದೇ ಬುದ್ಧಿ ಬೇಕು. ಹಾಸನದ ವಿದ್ಯಾರ್ಥಿಗೆ ಮೇಲೆ ಕೊಟ್ಟ ಲೈನನ್ನು ಆದಿತಾಳ ಹಾಕಿಕೊಂಡು ಹಾಡಿ ನೋಡಿ. ಎರಡು ಬಾರ್ ಅಂದರೆ ಎಂಟು ಎಣಿಕೆ, ಒಂದು ಆವರ್ತ. ಎಣಿಕೆಗೆ ಎರಡರಂತೆ ಹದಿನಾರು ಸ್ವರ. ಹದಿನೇಳನೆಯದು, ಆ ಇ, ಮುಂದಿನ ಆವರ್ತದ ಸಮಕ್ಕೆ ಬಂದು ಬೀಳುತ್ತದೆ. ನಿಮಗೆ ಇದು ಹೊಸದೇ ಅಲ್ಲ.

ತೊಡಕು ಬರುವುದು ಷಡ್ಜದ ಹತ್ತಿರ. ನಮ್ಮಲ್ಲಿ ತಂಬೂರಿ ಒಂದೇ ಷಡ್ಜವನ್ನು ಕಚೇರಿ ಪೂರ್ತಿ ಹಿಡಿದುಕೊಂಡಿರುತ್ತದೆ. ಜಾಝ್‌ನಲ್ಲಿ ಕಾರ್ಡ್ ತಿರುಗಿದಾಗಲೆಲ್ಲ ಕಿವಿಯ ಕೆಳಗಿನ ನೆಲ ಸರಿಯುತ್ತದೆ. ಒಂದು ಬಾರ್ ಹಿಂದೆ ಆರಾಮಾಗಿ ಕೂತಿದ್ದ ಸ್ವರ ಈಗ ಚುಚ್ಚುತ್ತದೆ. ಗ್ರಹಭೇದ ಗೊತ್ತಿರುವವರಿಗೆ ಇದನ್ನು ಹೇಳುವುದು ಸುಲಭ. ಸಿ ಯನ್ನು ಷಡ್ಜ ಮಾಡಿದರೆ ಶಂಕರಾಭರಣ, ಅದೇ ಸ್ವರಗಳಲ್ಲಿ ಡಿ ಯನ್ನು ಷಡ್ಜ ಮಾಡಿದರೆ ಖರಹರಪ್ರಿಯ, ಜಿ ಯನ್ನು ಮಾಡಿದರೆ ಹರಿಕಾಂಭೋಜಿ. ಟು-ಫೈವ್-ಒನ್ ಅಂದರೆ ಖರಹರಪ್ರಿಯ, ಹರಿಕಾಂಭೋಜಿ, ಶಂಕರಾಭರಣ ಅಂತ ನೀವು ಬರೆದುಕೊಂಡಿದ್ದೀರಿ. ನಕ್ಷೆ ಸರಿಯಾಗಿದೆ. ಆದರೆ ನುಡಿಸುವಾಗ ಅದನ್ನು ಪಕ್ಕಕ್ಕಿಡಿ. ಒಂದು ಬಾರ್‌ನಲ್ಲಿ ರಾಗ ತೆರೆದುಕೊಳ್ಳುವುದಿಲ್ಲ, ಅಷ್ಟು ಹೊತ್ತೇ ಇಲ್ಲ. ಕಾರ್ಡಿನ ಮೂರನೇ ಸ್ವರವನ್ನು, ಅಂದರೆ ಆ ಕ್ಷಣದ ಗಾಂಧಾರವನ್ನು ಹಿಡಿಯಿರಿ. ಅದೊಂದು ಸಿಕ್ಕರೆ ಕಾರ್ಡ್ ಸಿಕ್ಕಿತು.

ಇನ್ನೊಂದು ಮಾತು. ರಾಗದಲ್ಲಿಲ್ಲದ ಸ್ವರ ಮುಟ್ಟುವುದಕ್ಕೆ ನಿಮ್ಮ ಕೈ ಹಿಂಜರಿಯುತ್ತದೆ, ನನಗೆ ಗೊತ್ತು. ಕಾಂಭೋಜಿಯನ್ನು ನೆನಪಿಸಿಕೊಳ್ಳಿ. ಅಲ್ಲಿ ಕೈಶಿಕಿ ನಿಷಾದವೇ ಮನೆಯದು, ಆದರೂ ಕೆಲವು ಸಂಚಾರಗಳಲ್ಲಿ ಕಾಕಲಿ ನಿಷಾದ ಬಂದು ಹೋಗುತ್ತದೆ. ಕಡೂರಿನವರಿಗೆ ಹೇಳಿದ ಎಫ್ ಶಾರ್ಪ್, ಜಿ ಯನ್ನು ಷಡ್ಜ ಅಂದುಕೊಂಡರೆ, ಅದೇ ಕಾಕಲಿ ನಿಷಾದ. ಕಾರಣ ಬೇರೆ, ಆದರೆ ಕಿವಿಗೆ ಅಪರಿಚಿತವಲ್ಲ. ಗಮಕವನ್ನು ಮಾತ್ರ ಶುರುವಿನಲ್ಲಿ ಪೂರ್ತಿ ಬಿಟ್ಟುಬಿಡಿ. ವೇಗದ ಲೈನಿನಲ್ಲಿ ಸ್ವರ ಅಲುಗಿದರೆ ಇಳಿತ ಮಸುಕಾಗುತ್ತದೆ.

ಎರಡೂ ಕಡೆಯವರು ಸೇರಿ ನುಡಿಸಿದ್ದನ್ನು ಕೇಳಬೇಕು ಅಂದರೆ ಚಾರ್ಲಿ ಮರಿಯಾನೊ ಅವರನ್ನು ಹುಡುಕಿ. ಬಾಸ್ಟನ್‌ನ ಸ್ಯಾಕ್ಸೊಫೋನ್ ವಾದಕ, ಪಾರ್ಕರ್ ಪ್ರಭಾವದಲ್ಲೇ ಬೆಳೆದವರು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಟಿ. ಎ. ಎಸ್. ಮಣಿ, ಆರ್. ಎ. ರಮಾಮಣಿ ಅವರ ಜೊತೆ 1983ರಲ್ಲಿ ಒಂದು ಆಲ್ಬಮ್ ಮಾಡಿದರು. ಅದು ಬೀಬಾಪ್ ಅಲ್ಲ, ಆದರೆ ಬೀಬಾಪ್ ಉಸಿರು ಕಲಿತವರು ನಮ್ಮ ಲಯದ ಜೊತೆ ಹೇಗೆ ನಡೆಯುತ್ತಾರೆ ಅಂತ ಅದರಲ್ಲಿ ಕೇಳಬಹುದು.

ಪ್ರಶ್ನೆ: ನಮ್ಮೂರಲ್ಲಿ ಜಾಝ್ ಹೇಳಿಕೊಡುವವರು ಯಾರೂ ಇಲ್ಲ. ಐನೂರು ಲಿಕ್‌ಗಳ (ಸಿದ್ಧ ಸ್ವರಗುಚ್ಛಗಳ) ಪುಸ್ತಕ ಒಂದು ತರಿಸೋಣ ಅಂದುಕೊಂಡಿದ್ದೇನೆ. ಪ್ರಯೋಜನ ಇದೆಯಾ? ಮೊದಲು ಯಾವ ಹಾಡು ಕಲಿಯಲಿ? — ಪಿಯುಸಿ ವಿದ್ಯಾರ್ಥಿನಿ, ತರೀಕೆರೆ

ಬೇಡಮ್ಮ. ದುಡ್ಡು ಉಳಿಸಿ, ಒಳ್ಳೆಯ ಹೆಡ್‌ಫೋನ್ ತೆಗೆದುಕೊಳ್ಳಿ. ಐನೂರು ಲಿಕ್ ಬೆರಳಿಗೆ ಬರಬಹುದು, ಕಿವಿಗೆ ಒಂದೂ ಬರುವುದಿಲ್ಲ.

ಗುರು ಇಲ್ಲದಿರುವುದು ಕಷ್ಟವೇ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಬೀಬಾಪ್ ಹುಟ್ಟುವಾಗ ಯಾರ ಕೈಯಲ್ಲೂ ಅದರ ಪುಸ್ತಕ ಇರಲಿಲ್ಲ. ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ 118ನೇ ಬೀದಿಯ ಮಿಂಟನ್ಸ್ ಪ್ಲೇಹೌಸ್ ಅನ್ನುವ ಕ್ಲಬ್‌ನಲ್ಲಿ ಥೆಲೋನಿಯಸ್ ಮಂಕ್, ಕೆನ್ನಿ ಕ್ಲಾರ್ಕ್, ಡಿಜ್ಜಿ ಗಿಲೆಸ್ಪಿ ಮುಂತಾದವರು ರಾತ್ರಿ ಹೊತ್ತು ಸೇರಿ ನುಡಿಸುತ್ತಿದ್ದರು. ಬೆನ್ನಿ ಗುಡ್‌ಮನ್ ತಂಡದಲ್ಲಿ ಕೆಲಸ ಮಾಡುತ್ತಿದ್ದ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ ತಮ್ಮ ಕೆಲಸ ಮುಗಿಸಿ ಅಲ್ಲಿಗೆ ಬರುತ್ತಿದ್ದರು. ಕಿವಿಯಿಂದಲೇ ಒಬ್ಬರಿಂದೊಬ್ಬರು ಕಲಿತರು. 1941ರಲ್ಲಿ ಜೆರ್ರಿ ನ್ಯೂಮನ್ ಅನ್ನುವ ವಿದ್ಯಾರ್ಥಿ ತನ್ನ ಯಂತ್ರ ಹೊತ್ತು ತಂದು ಅಲ್ಲಿನ ಕೆಲವು ರಾತ್ರಿಗಳನ್ನು ರೆಕಾರ್ಡ್ ಮಾಡಿದ. ಮುಂದಿನ ಮಾರ್ಚ್‌ನಲ್ಲಿ ಕ್ರಿಶ್ಚಿಯನ್ ಕ್ಷಯದಿಂದ ತೀರಿಕೊಂಡರು. ವಯಸ್ಸು ಬರೀ ಇಪ್ಪತ್ತೈದು. ಅದೇ 1942ರ ಆಗಸ್ಟ್‌ನಿಂದ ಅಮೆರಿಕದ ವಾದಕರ ಸಂಘ ರೆಕಾರ್ಡಿಂಗ್ ಮಾಡದೆ ಮುಷ್ಕರ ಹೂಡಿತು. ಹಾಗಾಗಿ ಬೀಬಾಪ್ ಬೆಳೆದ ಮೊದಲ ವರ್ಷಗಳ ಧ್ವನಿ ತುಂಬಾ ಕಡಿಮೆ ಉಳಿದಿದೆ. ಆ ಹುಡುಗ ಯಂತ್ರ ಹೊತ್ತು ತರದಿದ್ದರೆ ಗಿಟಾರ್ ಕಲಿಯುವ ನಮಗೆಲ್ಲ ಎಷ್ಟು ನಷ್ಟವಾಗುತ್ತಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ನೀವು ಕ್ರಿಶ್ಚಿಯನ್ ಅವರಿಂದಲೇ ಶುರು ಮಾಡಿ. ಅವರ ಲೈನ್ ಸ್ಪಷ್ಟ, ವೇಗ ಹಿಡಿತಕ್ಕೆ ಸಿಗುತ್ತದೆ, ಬೀಬಾಪ್‌ನ ಬೀಜ ಅದರಲ್ಲಿದೆ. ಒಂದು ಸೋಲೊದಿಂದ ನಾಲ್ಕು ಬಾರ್ ಮಾತ್ರ ಆರಿಸಿಕೊಳ್ಳಿ. ರೆಕಾರ್ಡ್ ನಿಲ್ಲಿಸಿದ ಮೇಲೂ ಬಾಯಲ್ಲಿ ಹಾಡಲು ಬರುವವರೆಗೆ ಕೇಳಿ. ಅಲ್ಲಿವರೆಗೆ ಗಿಟಾರ್ ಮುಟ್ಟಬೇಡಿ. ಆಮೇಲೆ ತಂತಿಯ ಮೇಲೆ ಹುಡುಕಿ. ಬರೆಯುವುದು ಕೊನೆಗೆ. ಬರೆದ ಮೇಲೆ ಕಾರ್ಡ್ ಬದಲಾಗುವ ಜಾಗಗಳಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಅಲ್ಲಿ ಯಾವ ಸ್ವರ ಬಿದ್ದಿದೆ ನೋಡಿ. ಆ ಕೆಂಪು ಸುತ್ತುಗಳೇ ನಿಮಗೆ ಪಾಠ ಹೇಳುತ್ತವೆ.

ಹಿಂದಿನವರು 33ರ ಎಲ್‌ಪಿಯನ್ನು 16ರ ವೇಗದಲ್ಲಿ ಹಾಕಿ ಕೇಳುತ್ತಿದ್ದರು. ವೇಗ ಅರ್ಧ ಆಗುತ್ತಿತ್ತು, ಧ್ವನಿ ಒಂದು ಸ್ಥಾಯಿ ಕೆಳಗೆ ಹೋಗುತ್ತಿತ್ತು. ಈಗ ಫೋನಿನಲ್ಲೇ ಶ್ರುತಿ ಕೆಡದ ಹಾಗೆ ನಿಧಾನ ಮಾಡಬಹುದು. ಧಾರಾಳವಾಗಿ ಮಾಡಿ.

ಹಾಡು ಯಾವುದು ಅಂತ ಕೇಳಿದ್ದೀರಿ. ಹನ್ನೆರಡು ಬಾರ್‌ನ ಬ್ಲೂಸ್, ಎಫ್‌ನಲ್ಲಿ. ಅದಾದ ಮೇಲೆ ರಿದಮ್ ಚೇಂಜಸ್. ಗರ್ಶ್‌ವಿನ್ ಅವರ 1930ರ 'ಐ ಗಾಟ್ ರಿದಮ್' ಹಾಡಿನ ಕಾರ್ಡ್‌ಗಳನ್ನು ಹಾಗೇ ಇಟ್ಟುಕೊಂಡು, ಮೇಲೆ ಹೊಸ ರಾಗ ಕಟ್ಟುವುದು ಬೀಬಾಪ್‌ನವರ ವಾಡಿಕೆ. ಆ 32 ಬಾರ್ ಕೈಗೆ ಬಂದರೆ ಹತ್ತಾರು ಹಾಡು ಬಂದ ಹಾಗೆ.

ಪ್ರಶ್ನೆ: ಸ್ವರಗಳೆಲ್ಲ ಸರಿ ಇದ್ದರೂ ಸ್ವಿಂಗ್ ಬರುತ್ತಿಲ್ಲ. ಕುಂಟಿದ ಹಾಗೆ ಕೇಳಿಸುತ್ತದೆ. — ಓದುಗರು, ಸಕಲೇಶಪುರ

ಉದ್ದ-ಗಿಡ್ಡ, ಉದ್ದ-ಗಿಡ್ಡ ಅಂತ ಜಾಸ್ತಿ ಎಳೆಯುತ್ತಿದ್ದೀರಿ ಅನಿಸುತ್ತದೆ. ನಿಧಾನದ ಹಾಡಿನಲ್ಲಿ ಮೊದಲ ಸ್ವರ ಉದ್ದ, ಎರಡನೆಯದು ಗಿಡ್ಡ ಇರುವುದು ನಿಜ. ವೇಗ ಏರಿದಂತೆ ಎರಡೂ ಹೆಚ್ಚು ಕಡಿಮೆ ಸಮ ಆಗುತ್ತವೆ. ಆಗ ಸ್ವಿಂಗ್ ಬರುವುದು ಒತ್ತಿನಿಂದ. ಬೀಟ್‌ಗಳ ನಡುವಿನ ಸ್ವರಕ್ಕೆ ಒತ್ತು ಕೊಡಿ, ಅದರಿಂದ ಬೀಟ್ ಮೇಲಿನ ಸ್ವರಕ್ಕೆ ಹ್ಯಾಮರ್-ಆನ್ ಅಥವಾ ಪುಲ್-ಆಫ್ ಮಾಡಿ, ಅಂದರೆ ಪಿಕ್ ಇಲ್ಲದೆ ಫ್ರೆಟ್ ಒತ್ತುವ ಬೆರಳಿನಿಂದಲೇ, ಜಾರಿಸಿ. ಎಲ್ಲ ಸ್ವರವನ್ನೂ ಪಿಕ್‌ನಿಂದ ಹೊಡೆದರೆ ಟೈಪ್‌ರೈಟರ್ ಸದ್ದೇ ಬರುತ್ತದೆ.

ಮೆಟ್ರೊನೋಮ್ 50ಕ್ಕೆ ಇಟ್ಟು, ಆ ಸದ್ದನ್ನು ಎರಡು ಮತ್ತು ನಾಲ್ಕನೇ ಬೀಟ್ ಅಂತ ಎಣಿಸಿ. ಆಗ ನಿಮ್ಮ ವೇಗ 100. ಒಂದು ಮತ್ತು ಮೂರನ್ನು ನೀವೇ ಹೊರಬೇಕು. ಲಯ ಒಳಗೆ ಕೂರುವುದು ಹೀಗೇ.

ಉಸಿರಿನ ವಿಷಯ ಕೇಳದಿದ್ದರೂ ಹೇಳುತ್ತೇನೆ. ಸ್ಯಾಕ್ಸೊಫೋನ್‌ನವರು ಉಸಿರು ತೆಗೆದುಕೊಳ್ಳಲು ನಿಲ್ಲಲೇಬೇಕು. ಗಿಟಾರ್‌ನವರಿಗೆ ಆ ಕಟ್ಟು ಇಲ್ಲ, ಅದಕ್ಕೇ ನಿಲ್ಲಿಸದೆ ಓಡುತ್ತಾರೆ. ನುಡಿಸುತ್ತಲೇ ಹಾಡಿ. ಬಾಯಿಗೆ ಉಸಿರು ಬೇಕಾದಲ್ಲಿ ಕೈಯೂ ನಿಲ್ಲಲಿ.

ಪ್ರಶ್ನೆ: ವಯಸ್ಸು 46. ಕಾಫಿ ತೋಟ ನೋಡಿಕೊಳ್ಳುತ್ತೇನೆ. ಈಗ ಶುರು ಮಾಡಿದರೆ ಬರುತ್ತದಾ? ಜಾಝ್‌ಗೆ ದೊಡ್ಡ ಟೊಳ್ಳು ಹೊಟ್ಟೆಯ ಗಿಟಾರೇ ಬೇಕಾ? — ಬೆಳೆಗಾರರು, ಮೂಡಿಗೆರೆ

ಬರುತ್ತದೆ. ವೆಸ್ ಮಾಂಟ್‌ಗೊಮರಿ ಇಪ್ಪತ್ತರ ಆಸುಪಾಸಿನಲ್ಲಿ ಗಿಟಾರ್ ಗಂಭೀರವಾಗಿ ಹಿಡಿದವರು. ಚಾರ್ಲಿ ಕ್ರಿಶ್ಚಿಯನ್ ಸೋಲೊಗಳನ್ನು ಕೇಳಿ ಕೇಳಿ ಕಲಿತರು. ಹಗಲು ಕಾರ್ಖಾನೆ ಕೆಲಸ, ರಾತ್ರಿ ಸಂಗೀತ. ರಿವರ್‌ಸೈಡ್ ಕಂಪನಿಗೆ ಅವರ ಆಲ್ಬಮ್ ಬಂದದ್ದು 1959ರಲ್ಲಿ, ಆಗ ಅವರಿಗೆ 36. ನಿಮಗೆ ಕಚೇರಿ ಕೊಡುವ ಅವಸರ ಇಲ್ಲವಲ್ಲ. ಹಣ್ಣು ಕೊಯ್ಲಿನ ತಿಂಗಳುಗಳಲ್ಲಿ ಗಿಟಾರ್ ಮುಟ್ಟಲು ಪುರಸೊತ್ತು ಸಿಗದಿದ್ದರೆ ತೋಟದಲ್ಲಿ ಓಡಾಡುತ್ತಾ ಲೈನ್ ಹಾಡಿ. ಅದೂ ಅಭ್ಯಾಸವೇ.

ಕ್ರಿಶ್ಚಿಯನ್ ನುಡಿಸಿದ್ದು ಗಿಬ್ಸನ್ ಇಎಸ್-150, 1936ರಲ್ಲಿ ಬಂದ ಮಾದರಿ. ಅಂಥದ್ದು ಬೇಕಾಗಿಲ್ಲ. ನಿಮ್ಮ ಹತ್ತಿರ ಇರುವ ಸಾಲಿಡ್ ಬಾಡಿ ಗಿಟಾರ್ ಸಾಕು. ಕುತ್ತಿಗೆ ಕಡೆಯ ಪಿಕಪ್ ಆರಿಸಿ, ಟೋನ್ ಗುಂಡಿ ಅರ್ಧಕ್ಕಿಂತ ಕೆಳಗೆ ತಿರುಗಿಸಿ, 11 ಅಥವಾ 12ರ ದಪ್ಪದ ತಂತಿ ಹಾಕಿಸಿ. ಜಾಝ್ ಬಣ್ಣ ಬರುತ್ತದೆ.

ಪ್ರಶ್ನೆ: ಮಳೆಗಾಲ ಬಂತೆಂದರೆ ಗಿಟಾರಿನ ತಂತಿ ಮೇಲೇಳುತ್ತದೆ, ಒತ್ತಲು ಆಗುವುದಿಲ್ಲ. ತುಕ್ಕು ಬೇರೆ. — ಶಿಕ್ಷಕರು, ಕೊಪ್ಪ

ಮಲೆನಾಡಿನಲ್ಲಿ ಗಿಟಾರ್ ಇಟ್ಟುಕೊಂಡ ಎಲ್ಲರ ಪಾಡೂ ಇದೇ. ಮರ ತೇವ ಹೀರಿ ಉಬ್ಬುತ್ತದೆ, ಮೇಲಿನ ಹಲಗೆ ಏಳುತ್ತದೆ, ಜೊತೆಗೆ ತಂತಿಯೂ ಏಳುತ್ತದೆ. ಗಿಟಾರಿಗೆ ಸರಿಯಾದ ತೇವಾಂಶ ಶೇಕಡ 45ರಿಂದ 55. ಗಟ್ಟಿ ಪೆಟ್ಟಿಗೆಯಲ್ಲಿ ಇಡಿ, ಒಳಗೆ ಸಿಲಿಕಾ ಜೆಲ್ ಚೀಲಗಳಿರಲಿ, ಒಂದು ಸಣ್ಣ ತೇವಮಾಪಕ ಇರಲಿ. ಹೊರಗೋಡೆಗೆ ಒರಗಿಸಬೇಡಿ. ಬೆಚ್ಚಗಿರಲಿ ಅಂತ ಒಲೆಯ ಮೇಲಿನ ಅಟ್ಟಕ್ಕೆ ಏರಿಸುವವರಿದ್ದಾರೆ. ದಯವಿಟ್ಟು ಬೇಡ, ಅಂಟು ಬಿಡುತ್ತದೆ. ನುಡಿಸಿದ ಕೂಡಲೇ ತಂತಿಗಳನ್ನು ಒಣ ಬಟ್ಟೆಯಿಂದ ಮೇಲೂ ಕೆಳಗೂ ಒರೆಸಿ. ಕಣದಲ್ಲಿ ಕಾಫಿ ಒಣಗುವ ದಿನಗಳಲ್ಲಿ ಸಿಲಿಕಾ ಜೆಲ್ ತೆಗೆದುಬಿಡಿ, ಇಲ್ಲದಿದ್ದರೆ ಮರ ಅತಿಯಾಗಿ ಒಣಗಿ ಫ್ರೆಟ್ ತುದಿಗಳು ಕೈಗೆ ಚುಚ್ಚುತ್ತವೆ.

ಪ್ರಶ್ನೆ: ಬ್ಯಾಂಕ್ ಕೆಲಸದಲ್ಲಿದ್ದೇನೆ. ಕಾರ್ಡ್ ಮಾತ್ರ ನುಡಿಸುತ್ತೇನೆ, ಲೈನ್ ಬರುವುದಿಲ್ಲ. ಬ್ಯಾಕಿಂಗ್ ಟ್ರ್ಯಾಕ್ ಜೊತೆ ಒಬ್ಬನೇ ನುಡಿಸಿ ಬೇಸರ ಬಂದಿದೆ. ಮುಂದಿನ ದಾರಿ? — ಓದುಗರು, ಹಾಸನ

ನಿಮ್ಮ ಪತ್ರ ಮತ್ತು ಇಂಜಿನಿಯರಿಂಗ್ ವಿದ್ಯಾರ್ಥಿಯ ಪತ್ರ ಎರಡೂ ಹಾಸನದಿಂದ ಒಂದೇ ವಾರ ಬಂದಿವೆ. ಅವರಿಗೆ ಕಾರ್ಡ್ ನುಡಿಸುವವರು ಬೇಕು, ನಿಮಗೆ ಲೈನ್ ನುಡಿಸುವವರು ಬೇಕು. ಇಬ್ಬರೂ ಒಪ್ಪಿ ಬರೆದರೆ ಸಂಪಾದಕರು ಒಬ್ಬರ ವಿಳಾಸ ಇನ್ನೊಬ್ಬರಿಗೆ ತಲುಪಿಸುತ್ತಾರೆ.

ಭೇಟಿಗೆ ಮುಂಚೆ ಇದನ್ನು ಕಲಿತಿಟ್ಟುಕೊಳ್ಳಿ. ಆರು ತಂತಿಯ ದೊಡ್ಡ ಕಾರ್ಡ್ ಬೇಡ. ಕಾರ್ಡಿನ ಮೂರನೇ ಮತ್ತು ಏಳನೇ ಸ್ವರ ಮಾತ್ರ, ನಾಲ್ಕನೇ ಮತ್ತು ಮೂರನೇ ತಂತಿಯಲ್ಲಿ. ಡಿ ಮೈನರ್ ಸೆವೆನ್‌ಗೆ ನಾಲ್ಕನೇ ತಂತಿಯ ಮೂರನೇ ಫ್ರೆಟ್, ಮೂರನೇ ತಂತಿಯ ಐದನೇ ಫ್ರೆಟ್. ಅಂದರೆ ಎಫ್ ಮತ್ತು ಸಿ. ಜಿ ಸೆವೆನ್‌ಗೆ ಎಫ್ ಹಾಗೇ ಇರಲಿ, ಸಿ ಮಾತ್ರ ಒಂದು ಫ್ರೆಟ್ ಇಳಿದು ಬಿ ಆಗಲಿ. ಸಿ ಮೇಜರ್ ಸೆವೆನ್‌ಗೆ ಬಿ ಹಾಗೇ ಇರಲಿ, ಎಫ್ ಒಂದು ಫ್ರೆಟ್ ಇಳಿದು ಇ ಆಗಲಿ. ಪ್ರತಿ ಸಲ ಇಳಿಯುವುದು ಒಂದೇ ಸ್ವರ. ಲೈನ್ ಎಲ್ಲಿ ಇಳಿಯಬೇಕು ಅಂತ ಮೊದಲ ಉತ್ತರದಲ್ಲಿ ಹೇಳಿದೆನಲ್ಲ, ಆ ಸ್ವರಗಳೇ ನಿಮ್ಮ ಬೆರಳ ಕೆಳಗೂ ಇರುತ್ತವೆ. ಅವರು ತಪ್ಪಿದರೆ ನಿಮ್ಮ ಕಿವಿಗೆ ಕೂಡಲೇ ಗೊತ್ತಾಗುತ್ತದೆ. ಲೈನ್ ಕಲಿಯುವುದಕ್ಕೆ ನಿಮಗೂ ಇದೇ ಬಾಗಿಲು.

ಮೊದಲ ದಿನ ವೇಗ 80 ದಾಟಬೇಡಿ. ಹತ್ತು ನಿಮಿಷ ಅವರು ಲೈನ್, ನೀವು ಕಾರ್ಡ್. ಮುಂದಿನ ಹತ್ತು ನಿಮಿಷ ಅದಲು ಬದಲು. ನಿಮ್ಮ ಸರದಿ ಬಂದಾಗ ಬಿ ಮತ್ತು ಇ ಎರಡೇ ಸ್ವರ ನುಡಿಸಿದರೂ ಸಾಕು, ಸರಿಯಾದ ಬೀಟ್‌ಗೆ ಬೀಳಲಿ.